ಒಂದು ಮುಖಕ್ಕೆ ಒಂದೇ ಡಬ್ಬಿ

೨೦೫೮ನೆಯ ಇಸವಿ ಫೆಬ್ರುವರಿ ೧೧, ಸೋಮವಾರ. ಅಂದು ಬೆಳಿಗ್ಗೆ ಎಂಟು ಗಂಟೆಗೆ ನನ್ನ ಮಗನ ಮಗಳು ನೀಲಾಂಬಿಕೆಯ ಮುಖದಲ್ಲಿ ಉಳಿದಿದ್ದ ಪದರಗಳು ೯೧೪.

ಇದು ಅಂದಾಜಿನ ಸಂಖ್ಯೆಯಲ್ಲ. ಮದುವೆ ಗೊತ್ತಾಗುವ ಮೊದಲು ಗಂಡಿನ ಮನೆಯವರು ಜಾತಕದ ಜೊತೆಗೆ ಎಣಿಕೆ ಚೀಟಿಯನ್ನೂ ಕೇಳಿ ಪಡೆದಿದ್ದರು. ಅದರಲ್ಲಿ ಈ ಸಂಖ್ಯೆ ಅಚ್ಚಾಗಿತ್ತು.

ಮನುಷ್ಯನ ಮುಖದ ಚರ್ಮ ಇಪ್ಪತ್ತೆಂಟು ದಿನಕ್ಕೊಮ್ಮೆ ಹಳೆಯ ಪದರವನ್ನು ಉದುರಿಸಿ ಹೊಸದನ್ನು ಕಟ್ಟುತ್ತದೆ. ವರ್ಷಕ್ಕೆ ಹದಿಮೂರು ಪದರ. ಈ ಕೆಲಸಕ್ಕೆ ಕೊನೆಯಿಲ್ಲವೆಂದು ಬಹುಕಾಲ ಜನ ನಂಬಿದ್ದರು. ಕೊನೆಯಿದೆ ಎಂಬುದು ನನ್ನ ನಡುವಯಸ್ಸಿನಲ್ಲಿ ಸಿದ್ಧವಾಯಿತು. ಹುಟ್ಟುವಾಗ ಪ್ರತಿಯೊಬ್ಬರ ಮುಖಕ್ಕೂ ೧೨೦೦ ಪದರಗಳ ಶಕ್ತಿ ಇರುತ್ತದೆ. ಗಲ್ಲದಿಂದ ಕೆರೆದ ಒಂದು ಚೂರಿನಿಂದ ಎಷ್ಟು ಉಳಿದಿದೆ ಎಂದು ಹೇಳಬಹುದು. ಎಂಬತ್ತು ವರ್ಷ ಬದುಕುವವರಿಗೆ ಬೇಕಾದದ್ದು ೧೦೪೦. ಪ್ರಕೃತಿ ೧೬೦ನ್ನು ಹೆಚ್ಚಾಗಿಯೇ ಕೊಟ್ಟಿದೆ.

ಈ ನೂರ ಅರವತ್ತನ್ನು ಮಾರಬಹುದು ಎಂದು ಯಾರಿಗೋ ಹೊಳೆಯಿತು. ‘ನಸುಬೆಳಗು’ ಹುಟ್ಟಿದ್ದು ಹಾಗೆ.

ಅದು ಅಂಗೈಯಲ್ಲಿ ಹಿಡಿಸುವ ಡಬ್ಬಿ. ಒಳಗೆ ಎರಡು ಬಾಟಲಿ. ಹಳದಿಯ ಬಾಟಲಿಯದು ಚರ್ಮದ ಆ ಶಕ್ತಿಯನ್ನು ತೆರೆಯುವ ಲೇಪ. ಬಿಳಿಯದು ಮುಚ್ಚುವ ಲೇಪ. ತೆರೆದ ಮೇಲೆ ಇಪ್ಪತ್ತೆಂಟು ದಿನದಲ್ಲಿ ಒಂದರ ಬದಲು ನಾಲ್ಕು ಪದರ ಹುಟ್ಟುತ್ತವೆ. ಮುಖದ ಚರ್ಮಕ್ಕೆ ಏಳು ದಿನಕ್ಕಿಂತ ಹೆಚ್ಚು ವಯಸ್ಸಾಗುವುದೇ ಇಲ್ಲ. ಕೂಸಿನ ಕೆನ್ನೆಯ ಹೊಳಪು ಬರುತ್ತದೆ. ತಿಂಗಳು ಕಳೆದ ಮೇಲೆ ಬಿಳಿಯ ಲೇಪ ಹಚ್ಚಿ ಮುಚ್ಚಬೇಕು. ಪ್ರತಿ ಡಬ್ಬಿಗೂ ಅದರದೇ ಒಂದು ಕೀಲಿ. ಒಂದು ಡಬ್ಬಿ ತೆರೆದದ್ದನ್ನು ಇನ್ನೊಂದು ಮುಚ್ಚಲಾರದು. ಎರಡೂ ಲೇಪಗಳು ಒಂದೇ ಪಾಕದಲ್ಲಿ ಜೋಡಿಯಾಗಿ ಹುಟ್ಟುತ್ತವೆ. ಒಂದನ್ನು ಕಳೆದುಕೊಂಡರೆ ಮತ್ತೆ ಮಾಡಲು ಬಾರದು.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ, ನಿವೃತ್ತಿಯ ನಂತರ ಹುಬ್ಬಳ್ಳಿಯ ಹೊರವಲಯದ ಆ ಪ್ರಯೋಗಾಲಯದಲ್ಲಿ ಲೆಕ್ಕ ಪರಿಶೀಲಿಸುವ ಕೆಲಸಕ್ಕೆ ಸೇರಿದ್ದೆ. ಯಾವ ಅಪಾಯ ಎಷ್ಟು ಮಂದಿಗೆ ತಟ್ಟೀತು ಎಂದು ಎಣಿಸಿ ಸಹಿ ಹಾಕುವುದು ನನ್ನ ಪಾಲಿನ ಕರ್ತವ್ಯ.

ಪ್ರಯೋಗಾಲಯದ ಮೊಗಸಾಲೆಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಮೇಲಿನ ಹಲಗೆಯಲ್ಲಿ ಸೀಸದ ಬಿಳಿ ಪುಡಿ. ಶತಮಾನಗಳ ಕಾಲ ಯುರೋಪಿನ ಸಿರಿವಂತ ಹೆಂಗಸರು ಅದನ್ನು ಮುಖಕ್ಕೆ ಬಳಿದುಕೊಂಡರು. ಚರ್ಮ ಕೆಟ್ಟಿತು, ಕೆಟ್ಟದ್ದನ್ನು ಮುಚ್ಚಲು ಇನ್ನೂ ದಪ್ಪಗೆ ಬಳಿದರು. ಅದರ ಕೆಳಗೆ ಕಣ್ಣಿನ ಪಾಪೆ ಹಿಗ್ಗಿಸುವ ವಿಷದ ಹಣ್ಣಿನ ರಸ. ಅದರ ಕೆಳಗೆ ಮೈಬಣ್ಣ ತಿಳಿಯಾಗಲೆಂದು ತಿನ್ನುತ್ತಿದ್ದ, ಶಂಖಪಾಷಾಣವೆಂಬ ವಿಷ ಬೆರೆತ ಬಿಲ್ಲೆಗಳು. ನಾಲ್ಕನೆಯದರಲ್ಲಿ ರೇಡಿಯಂ ಬೆರೆಸಿದ ಕ್ರೀಮು. ಕೊನೆಯದರಲ್ಲಿ ನಮ್ಮದೇ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದ, ಪಾದರಸದ ಬಿಳುಪಿನ ಮುಲಾಮು.

ಬಂದ ಅತಿಥಿಗಳಿಗೆ ಆ ಕಪಾಟನ್ನು ತೋರಿಸಿ ನಾವು ಹೇಳುತ್ತಿದ್ದ ಮಾತು ಒಂದೇ. ಇವುಗಳನ್ನು ಹಚ್ಚಿಕೊಂಡವರಿಗೆ ಬೆಲೆ ಎಷ್ಟೆಂದು ತಿಳಿದಿರಲಿಲ್ಲ. ನಾವು ಬೆಲೆಯನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿದ್ದೇವೆ. ನಿಜವಾಗಿಯೂ ಹಾಕಿದ್ದೆವು. ರೂಪಾಯಿಯ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು: ‘ಮೂರು ಪದರ’. ಆ ಸಾಲಿನ ಲೆಕ್ಕ ನನ್ನದು. ಇಪ್ಪತ್ತೆರಡರ ಹುಡುಗಿಯ ಬಳಿ ೯೧೪. ಎಂಬತ್ತರವರೆಗೆ ಬೇಕಾದದ್ದು ೭೫೪. ವರ್ಷಕ್ಕೊಮ್ಮೆಯಂತೆ ನಲವತ್ತು ವರ್ಷ ಹಚ್ಚಿದರೆ ಹೆಚ್ಚಿನ ಖರ್ಚು ೧೨೦. ಆಗಲೂ ನಲವತ್ತು ಉಳಿಯುತ್ತದೆ. ‘ನಲವತ್ತು ಉಳಿಯುತ್ತದೆ’ ಎಂದು ಬರೆದು ಸಹಿ ಮಾಡಿದ್ದೆ.

ಡಬ್ಬಿಯ ಮೇಲೆ ಇನ್ನೊಂದು ಸಾಲು ಇರಬೇಕಿತ್ತು. ಅದನ್ನು ಹೊಡೆದುಹಾಕಿದವನೂ ನಾನೇ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಶಕುಂತಲಾ ಮುಧೋಳ ಎರಡು ವರ್ಷದ ಹಿಂದೆ ಚರ್ಮದ ಚೂರುಗಳಿದ್ದ ಒಂದು ಗಾಜಿನ ತಟ್ಟೆಯನ್ನು ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು.

“ಸರ್, ಎರಡು ಬ್ಯಾರೆ ಬ್ಯಾರೆ ಡಬ್ಬಿ ಒಂದ ಚರ್ಮದ ಮ್ಯಾಲೆ ಬಿದ್ರ ಕೂಡೂದಿಲ್ಲ, ಗುಣಾಕಾರ ಆಗ್ತದ. ನಾಲ್ಕು ನಾಲ್ಕಲೆ ಹದಿನಾರು. ಮೂರು ಬಿದ್ರ ಅರವತ್ನಾಲ್ಕು.”

“ಅದ ಡಬ್ಬಿ ಎರಡು ಸಲ ಹಚ್ಚಿದ್ರ?”

“ಏನೂ ಆಗೂದಿಲ್ಲ. ಕೀಲಿ ಬ್ಯಾರೆ ಇದ್ರ ಮಾತ್ರ. ಡಬ್ಬಿ ಮ್ಯಾಲೆ ಒಂದು ಸಾಲು ಹಾಕೂಣ ಅಂತೀನಿ. ‘ಒಂದು ಮುಖಕ್ಕೆ ಒಂದೇ ಡಬ್ಬಿ.’ ಇಷ್ಟ.”

ನಾನು ಸಮೀಕ್ಷೆಯ ಕಾಗದ ತೆಗೆದೆ. ತನ್ನ ಡಬ್ಬಿಯಿಂದ ಇನ್ನೊಬ್ಬಳ ಮುಖಕ್ಕೆ ಹಚ್ಚಿದ್ದೇನೆ ಎಂದವರು ನೂರರಲ್ಲಿ ಒಬ್ಬರು. ಎರಡು ಕೀಲಿ ಬಿದ್ದರೆ ನಷ್ಟ ಹದಿನೈದು ಪದರ, ಸಹಿಸಬಹುದು. ಮುಖ ಹಾಳಾಗಬೇಕಾದರೆ ಐದು ಬೀಳಬೇಕು. ನೂರರಲ್ಲಿ ಒಂದು ಎಂಬುದನ್ನು ಐದು ಸಲ ಗುಣಿಸಿದರೆ ಸಾವಿರ ಕೋಟಿಗೆ ಒಂದು. ಭೂಮಿಯ ಮೇಲಿನ ಜನರೆಲ್ಲ ಸೇರಿದರೆ ಅಷ್ಟಾಗುತ್ತಾರೆ.

“ಇಡೀ ಭೂಮಿ ಮ್ಯಾಲೆ ಒಬ್ಬಾಕಿ ಸಲುವಾಗಿ ಒಂದು ಸಾಲು ಯಾಕ್ರಿ?” ಎಂದೆ. ಆ ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ‘ಅನಗತ್ಯ’ ಎಂದು ಬರೆದೆ. ಒಂದು ಪದ ಹೆಚ್ಚಾದರೂ ನನಗೆ ಆಗುತ್ತಿರಲಿಲ್ಲ.

ಐದು ಘಟನೆಗಳನ್ನು ಗುಣಿಸಬೇಕಾದರೆ ಅವು ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ಇದನ್ನು ಮೂವತ್ತೊಂದು ವರ್ಷ ಪ್ರತಿ ತರಗತಿಗೂ ಹೇಳಿಕೊಟ್ಟಿದ್ದೆ.

*

ನಮ್ಮ ಮನೆತನದಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುವ ಐದು ಮಂದಿ ಮುತ್ತೈದೆಯರು ತಮ್ಮ ತಮ್ಮ ಮನೆಯಲ್ಲೇ ಅರಿಷಿಣ ತೇದು, ತಮ್ಮದೇ ಬಟ್ಟಲಿನಲ್ಲಿ ತರಬೇಕು. ಫೆಬ್ರುವರಿ ೧೧ರ ಬೆಳಿಗ್ಗೆ ಮೊದಲ ಬಟ್ಟಲು ಮನೆಯ ಹಿರಿಯಳಾದ ನನ್ನ ಹೆಂಡತಿ ಕಾಶವ್ವನದು. ನಂತರ ಹುಡುಗಿಯ ಸೋದರತ್ತೆಯಾದ ನನ್ನ ಮಗಳು ಪ್ರಭಾವತಿ, ನೆರೆಮನೆಯ ಅನ್ನಪೂರ್ಣಕ್ಕ, ಹುಡುಗಿಯ ಚಿಕ್ಕಮ್ಮ, ಗಂಡಿನ ಅಕ್ಕ.

ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಒಳಗಿನ ಗದ್ದಲ ಕೇಳುತ್ತಿತ್ತು.

“ಅರಿಷಿಣ ಹಚ್ಚಾಕ ಬಂದೀರೋ, ಗ್ವಾಡಿಗೆ ಸುಣ್ಣಾ ಬಳ್ಯಾಕ ಬಂದೀರೋ?” ಎಂದಳು ನೀಲಾಂಬಿಕೆ. ಅವಳು ಹೆಣ್ಣುಮಕ್ಕಳ ಕಬಡ್ಡಿ ತಂಡದ ತರಬೇತುದಾರಳು. ವರ್ಷವಿಡೀ ಬಿಸಿಲಿನಲ್ಲಿ ನಿಂತು ಕೂಗಿ ಕೂಗಿ ದನಿ ಒರಟಾಗಿತ್ತು, ಮುಖ ಕಪ್ಪಿಟ್ಟಿತ್ತು.

“ಸುಮ್ಮನ ಕುಂದರ. ಈ ಬಿಸಲಾಗಿನ ಮಾರಿಗೆ ಬಟ್ಟಲಲ್ಲ, ಕೊಡ ಬೇಕು,” ಎಂದಳು ಪ್ರಭಾವತಿ.

“ಆಯಿ, ನೋಡ ನಿನ್ನ ಮಗಳನ್ನ!”

“ಹಚ್ಚಲಿ ಬಿಡವ್ವ,” ಎಂದಳು ಕಾಶವ್ವ. “ಒಂದ ದಿನರ ಎಲ್ಲಾರೂ ನಿನ್ನ ಮಾರೀನ ನೋಡಲಿ.”

ಐವರೂ ತಮ್ಮ ಬಟ್ಟಲಿನಲ್ಲಿ ತಮ್ಮ ಡಬ್ಬಿಯಿಂದ ಒಂದು ಬೆರಳಷ್ಟು ಹಳದಿ ಲೇಪವನ್ನು ಬೆರೆಸಿ ತಂದಿದ್ದರು. ಒಬ್ಬಳದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ತನ್ನ ಹೊಳಪಿನಲ್ಲಿ ಒಂದು ಬೆರಳಷ್ಟು ಮದುಮಗಳಿಗೆ ಇರಲಿ ಎಂದು ಪ್ರತಿಯೊಬ್ಬಳೂ ಗುಟ್ಟಾಗಿ ಎಣಿಸಿದ್ದಳು. ತಾನೊಬ್ಬಳೇ ಎಂದು ತಿಳಿದಿದ್ದಳು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಫೆಬ್ರುವರಿ ೧೩ರಂದು ಮದುವೆ. ಹಸೆಯ ಮೇಲೆ ಕುಳಿತ ನೀಲಾಂಬಿಕೆಯ ಮುಖವನ್ನು ನೋಡಿ ಫೋಟೋ ತೆಗೆಯುವವನು ಎರಡು ದೀಪಗಳನ್ನು ಆರಿಸಿಬಿಟ್ಟ; ಬೇಕಾಗಲಿಲ್ಲ. ಗಂಡಿನ ತಾಯಿ ಸಿಕ್ಕವರಿಗೆಲ್ಲ, “ನಾವು ನೋಡಿದಾಗ ಹಿಂಗಿರಲಿಲ್ಲರೀ, ನಮ್ಮ ಮನಿ ಕಾಲ್ಗುಣ,” ಎಂದು ಹೇಳಿಕೊಂಡು ಓಡಾಡಿದರು. ನನಗೂ ಹೆಮ್ಮೆಯಾಯಿತು. ಅದನ್ನು ಬರೆಯದೆ ಬಿಡುವುದು ಸರಿಯಲ್ಲ.

*

ಫೆಬ್ರುವರಿ ೨೦ರಂದು ಅವಳು ತವರಿಗೆ ಬಂದಳು. ಮಧ್ಯಾಹ್ನ ಮಲಗಿ ಎದ್ದಾಗ ಕಪ್ಪು ದಿಂಬಿನ ಮೇಲೆ ಬಿಳಿಯ ಹಿಟ್ಟು ಬಿದ್ದಿತ್ತು. ಬೆರಳಿನಿಂದ ಉಜ್ಜಿ ನೋಡಿದೆ. ಹಿಟ್ಟಲ್ಲ, ಚರ್ಮ.

“ಏನಿಲ್ಲ ಅಜ್ಜಾ, ಒಂದೀಟು ಉರೀತೈತಿ. ಹೊಸ ಊರಿನ ನೀರು,” ಎಂದಳು.

ಅರ್ಧ ಗಂಟೆಯಲ್ಲಿ ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಡಾಕ್ಟರ್ ಮುಧೋಳ ಗಲ್ಲದಿಂದ ಚೂರು ಕೆರೆದು ಯಂತ್ರಕ್ಕೆ ಹಾಕಿದರು. ಪರದೆಯ ಮೇಲೆ ಮೂಡಿದ ಸಂಖ್ಯೆ ೫೮೫. ಒಂಬತ್ತು ದಿನದಲ್ಲಿ ೩೨೯ ಹೋಗಿತ್ತು. ಇಪ್ಪತ್ತೈದು ವರ್ಷದ ಚರ್ಮ.

ಸಂಖ್ಯೆಯ ಕೆಳಗೆ ಐದು ಬಣ್ಣದ ಗೆರೆಗಳು ಮೂಡಿದವು. ಐದು ಕೀಲಿ. ನಾಲ್ಕನ್ನು ಐದು ಸಲ ಗುಣಿಸಿದರೆ ೧೦೨೪. ಇಪ್ಪತ್ತೆಂಟು ದಿನದಲ್ಲಿ ಒಂದು ಸಾವಿರದ ಇಪ್ಪತ್ನಾಲ್ಕು ಪದರ. ಮೂವತ್ತೊಂಬತ್ತು ನಿಮಿಷಕ್ಕೆ ಒಂದು.

ಡಾಕ್ಟರ್ ನನ್ನತ್ತ ನೋಡಲಿಲ್ಲ. ಹೊಡೆದುಹಾಕಿದ ಸಾಲು ಇಬ್ಬರಿಗೂ ನೆನಪಿತ್ತು.

“ಐದು ಬಿಳೀ ಬಾಟ್ಲಿ ಬೇಕು, ಸರ್. ಆ ಐದು ಡಬ್ಬಿದ್ದ. ಬ್ಯಾರೆದು ನಡ್ಯೂದಿಲ್ಲ.”

“ಯಾರು ಕೊಂಡಾರಂತ ಕಂಪನಿ ಪುಸ್ತಕದಾಗ ಇರ್ತೈತೆಲ್ಲ?”

“ಎಲ್ಲಿ ಪುಸ್ತಕ? ಹಚ್ಚೋರ ಹೆಸರು ಗುಟ್ಟು ಅಂತ ಹೇಳೇ ಮಾರೀವಿ. ಹೆಸರು ಬರಕೊಳ್ಳೂದಿದ್ರ ಒಬ್ಬಾಕಿನೂ ಕೊಳ್ತಿದ್ದಿಲ್ಲ.”

“ಎಣಿಕಿ ಮುಗದ್ರ?” ಎಂದು ಕೇಳಿದವಳು ನೀಲಾಂಬಿಕೆ.

ಡಾಕ್ಟರ್ ಸುಳ್ಳು ಹೇಳುವವರಲ್ಲ. ಎಣಿಕೆ ಮುಗಿದ ಮುಖಕ್ಕೆ ಹೊಸ ಚರ್ಮ ಬರುವುದಿಲ್ಲ. ಹಳೆಯದು ಉದುರಿದ ಮೇಲೆ ಸುಟ್ಟ ಗಾಯದಂತೆ ತೆರೆದೇ ಇರುತ್ತದೆ. ಬಿಸಿಲು ಬಿದ್ದರೆ ಉರಿ, ಗಾಳಿ ಬಿದ್ದರೆ ಉರಿ. ತೆರೆದ ಮುಖವನ್ನು ವರ್ಷಗಟ್ಟಲೆ ಮುಚ್ಚದೆ ಬಿಟ್ಟ ಹನ್ನೊಂದು ಹಿರಿಯ ಹೆಂಗಸರು ಆಸ್ಪತ್ರೆಯ ಒಂದು ಕೋಣೆಯಲ್ಲಿ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ಅದನ್ನು ಹೇಳಿದರು.

ನೀಲಾಂಬಿಕೆ ಕೆನ್ನೆಯ ಮೇಲಿನ ಬಿಳಿಯ ಹಿಟ್ಟನ್ನು ಬೆರಳಿನಿಂದ ಒರೆಸಿಕೊಂಡಳು. “ಹಂಗಾರ ಮುಂದಿನ ತಿಂಗಳ ಪಂದ್ಯಕ್ಕ ನಾ ಮೈದಾನಕ್ಕ ಹೋಗೂಹಂಗಿಲ್ಲ,” ಎಂದಳು. ಅಷ್ಟೇ.

*

ಆ ಸಂಜೆಯಿಂದ ನಾನು ಮನೆಮನೆ ತಿರುಗಿದೆ. ಅರಿಷಿಣ ಹಚ್ಚಿದವರು ಐವರು. ಕಾಶವ್ವನನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಐವತ್ತೊಂದು ವರ್ಷದಲ್ಲಿ ಅವಳು ಮುಖಕ್ಕೆ ಒಂದು ಪುಡಿಯನ್ನೂ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ. ಉಳಿದವರು ನಾಲ್ವರು.

ಅನ್ನಪೂರ್ಣಕ್ಕ ಬಾಗಿಲಲ್ಲೇ ಸೊಂಟಕ್ಕೆ ಕೈ ಇಟ್ಟರು. “ಅಯ್ಯ ಮಾಸ್ತರ್ರ, ನಂದು ಹುಟ್ಟಿದ ಬಣ್ಣ. ನಾ ಹೊಟ್ಯಾಗಿದ್ದಾಗ ನಮ್ಮವ್ವ ಒಂಬತ್ತು ತಿಂಗಳು ಕೇಸರಿ ಹಾಲು ಕುಡದಾಳ. ಬೇಕಾರ ಇವರನ್ನ ಕೇಳ್ರಿ.” ಹಿಂದೆ ಕುರ್ಚಿಯಲ್ಲಿದ್ದ ಅವರ ಗಂಡನಿಗೆ ಒಮ್ಮೆಲೇ ಕೆಮ್ಮು ಬಂತು.

“ನಿಮಗ್ಯಾಕ ಕೆಮ್ಮು?” ಎಂದು ಅವರು ತಿರುಗಿ ನೋಡಿದರು. ಕೆಮ್ಮು ನಿಂತಿತು.

ಗಂಡಿನ ಅಕ್ಕ, “ಹಂಗ ಹಚ್ಚೋರು ನಿಮ್ಮ ಕಡೆಯವರು ಇರಬೇಕ್ರಿ,” ಎಂದಳು. ಚಿಕ್ಕಮ್ಮ ಅತ್ತಳು, ಆದರೆ ಒಪ್ಪಲಿಲ್ಲ. ಮಗಳು ಪ್ರಭಾವತಿ, “ಅಪ್ಪಾ, ನನ್ನ ಮ್ಯಾಲೂ ಸಂಶಯೇನು?” ಎಂದು ರೇಗಿದಳು.

ಹುಡುಗಿಯ ಮುಖ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಆದರೂ ತನ್ನದು ಹುಟ್ಟಿದ ಬಣ್ಣವಲ್ಲ ಎಂದು ಒಪ್ಪಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಬಾಟಲಿ ಕೊಡುವವಳು ಬೇರೆ ಯಾರಾದರೂ ಇರಬಹುದು ಎಂದು ಪ್ರತಿಯೊಬ್ಬಳೂ ಕಾದಳು.

ಮನೆಗೆ ಬಂದಾಗ ನನ್ನ ಸಿಟ್ಟು ಇಳಿದಿರಲಿಲ್ಲ. ಕಾಶವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಕೇಳಿಸಲೆಂದೇನೂ ಅಲ್ಲ, ಸುಮ್ಮನೆ ಗಟ್ಟಿಯಾಗಿ ಹೇಳಿದೆ.

“ಕೂದ್ಲ ಹಣ್ಣಾದ ಮ್ಯಾಲೂ ಮಾರಿಗೆ ಬಳಕೊಳ್ಳೂ ಹೆಂಗಸರಿಗೆ ನಾಚಿಕಿ ಇರಬೇಕು. ಅಂಥಾಕಿ ನನ್ನ ಮನ್ಯಾಗ ಇದ್ದಿದ್ರ ಹೊಸ್ತಿಲಾ ದಾಟಿಸಿ ಬಿಡ್ತಿದ್ದೆ.”

ಅವಳು ಮೊರವನ್ನು ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಚ್ಚಲ ಕಲ್ಲಿನ ಮೇಲೆ ನೀರು ಸುರಿದ ಸದ್ದಾಯಿತು.

*

ಮಾರ್ಚ್ ೧, ಹದಿನೆಂಟನೆಯ ದಿನ. ಪ್ರಭಾವತಿ ಬಂದು ಸೆರಗಿನ ಗಂಟಿನಿಂದ ಬಿಳಿಯ ಬಾಟಲಿ ಬಿಚ್ಚಿ ನನ್ನ ಮುಂದಿಟ್ಟಳು.

“ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ,” ಎಂದಳು. “ಮದಿವ್ಯಾದಾಗಿಂದ ಅವರಿಗೆ ಗೊತ್ತಿಲ್ಲ.”

ಪ್ರಯೋಗಾಲಯದಲ್ಲಿ ಒಂದು ಗೆರೆ ಅಳಿಯಿತು. ಅಂದು ಉಳಿದದ್ದು ೨೫೬. ಒಂಬತ್ತು ದಿನ ಮೊದಲೇ ತಂದಿದ್ದರೆ ಎಷ್ಟು ಉಳಿಯುತ್ತಿತ್ತೆಂದು ನಾನು ಅವಳಿಗೆ ಹೇಳಲಿಲ್ಲ. ಅವಳೂ ನನ್ನ ಮಗಳು. ಗುಣಾಕಾರ ಅವಳಿಗೂ ಬರುತ್ತಿತ್ತು.

ಮಾರ್ಚ್ ೮ರ ಮುಂಜಾನೆ ಹೊಸ್ತಿಲ ಮೇಲೆ ಒಂದು ವೀಳ್ಯದೆಲೆಯ ಪೊಟ್ಟಣವಿತ್ತು. ಒಳಗೆ ಅರಿಷಿಣ, ಕುಂಕುಮ, ಒಂದು ಬಿಳಿಯ ಬಾಟಲಿ. ಕೇಸರಿಯ ವಾಸನೆ ಬರುತ್ತಿತ್ತು. ನಾನು ನೆರೆಮನೆಯ ಕಡೆಗೆ ನೋಡಲಿಲ್ಲ. ಎಣಿಕೆ ೧೯೨ಕ್ಕೆ ಇಳಿದಿತ್ತು.

ಅಲ್ಲಿಂದ ಹದಿನಾಲ್ಕು ದಿನ ಯಾರೂ ಬರಲಿಲ್ಲ. ನೀಲಾಂಬಿಕೆಯ ಬಲಗೆನ್ನೆಯಲ್ಲಿ ಕಾಸಿನಗಲ ಚರ್ಮ ಬಿರುಕು ಬಿಟ್ಟಿತು. ಗಂಡ ಅವಳನ್ನು ನಮ್ಮಲ್ಲಿ ಬಿಟ್ಟುಹೋದವನು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಮಾತಿನ ಕೊನೆಗೆ ಎಣಿಕೆ ಎಷ್ಟಾಯಿತು ಎಂದು ಕೇಳುತ್ತಿದ್ದ. ಕಬಡ್ಡಿಯ ಹುಡುಗಿಯರು ಕಿಟಕಿಯ ಹೊರಗೆ ಬಂದು ನಿಂತರೆ ಇವಳು ಪರದೆಯ ಹಿಂದಿನಿಂದಲೇ, “ಕಾಲಿಗೆ ಬೀಳ್ರೆ, ಟೊಂಕಕ್ಕಲ್ಲ!” ಎಂದು ಕೂಗುತ್ತಿದ್ದಳು. ಅವರು ಹೋದ ಮೇಲೆ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಿದ್ದಳು.

ಬಿರುಕಿನ ಸುದ್ದಿ ಕೇಳಿ ಮಾರ್ಚ್ ೨೨ರಂದು ಚಿಕ್ಕಮ್ಮ ಮತ್ತು ಗಂಡಿನ ಅಕ್ಕ ಒಂದೇ ಆಟೋದಲ್ಲಿ ಬಂದು ಇಳಿದರು. ಇಬ್ಬರೂ ಬಾಟಲಿ ತಂದಿದ್ದರು. ಮೂರು, ನಾಲ್ಕನೆಯ ಗೆರೆಗಳು ಅಳಿದವು. ಉಳಿದದ್ದು ೧೬೦.

ಆ ಸಂಖ್ಯೆಯನ್ನು ನಾನು ಬಹಳ ಹೊತ್ತು ನೋಡಿದೆ. ಬದುಕಿಗೆ ಬೇಕಾಗಿದ್ದ ೭೫೪ ಪೂರ್ತಿಯಾಗಿ ಹೋಗಿತ್ತು. ಉಳಿದದ್ದು, ಖರ್ಚು ಮಾಡಬಹುದೆಂದು ನಾವು ಜಗತ್ತಿಗೆ ಸಾರಿದ್ದ ಹೆಚ್ಚಿನ ಭಾಗ ಮಾತ್ರ.

ಐದನೆಯ ಗೆರೆ ಹಾಗೆಯೇ ಇತ್ತು. ಅದನ್ನು ಮುಚ್ಚಿದರೆ ನೂರ ಅರವತ್ತು ಪದರ ಹನ್ನೆರಡು ವರ್ಷ ಬರುತ್ತದೆ. ಮುಚ್ಚದಿದ್ದರೆ ವಾರಕ್ಕೊಂದರಂತೆ ಮೂರು ವರ್ಷ.

ಅಂದು ರಾತ್ರಿಯ ಊಟಕ್ಕೆ ಮೊದಲು ನೀಲಾಂಬಿಕೆಯನ್ನು ಎದುರಿಗೆ ಕೂಡಿಸಿಕೊಂಡೆ.

“ಐದು ಬಟ್ಟಲು. ನಿಮ್ಮ ಆಯೀದು ತಗದ್ರ ನಾಕು. ನಾಕೂ ಸಿಕ್ಕಾವು. ಗೆರಿ ಐದು. ಹಂಗಾರ ಐದನೇದು ನಿಂದ.”

“ನಂದಲ್ಲ ಅಜ್ಜಾ.”

“ಮದಿವಿ ಮುಂದ ಹಚಗೊಂಡಿರಬೇಕು. ಬಾಟ್ಲಿ ಎಲ್ಲಿಟ್ಟಿ ಹೇಳು. ಸಿಟ್ಟಾಗೂದಿಲ್ಲ.”

“ನನ್ನ ಮಾರಿ ಹೊಂಟೈತಿ. ನಂದಿದ್ರ ನಾ ಮುಚ್ಚಿಡ್ತಿದ್ನೇನ?”

“ಲೆಕ್ಕ ಸುಳ್ಳ ಹೇಳೂದಿಲ್ಲ, ನೀಲಾ.”

ಅವಳ ಕಣ್ಣಿನಲ್ಲಿ ನೀರು ಬಂತು. ಬಂದ ಕೂಡಲೇ ತಲೆಯನ್ನು ಹಿಂದಕ್ಕೆ ವಾಲಿಸಿದಳು. ಕಣ್ಣೀರು ಬಿರುಕಿಗೆ ಇಳಿದರೆ ಉರಿಯುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದಳು. ಹಾಗೆ ಸೂರನ್ನು ನೋಡುತ್ತ ಕುಳಿತವಳನ್ನು ನಾನು ಮತ್ತೊಮ್ಮೆ ಕೇಳಿದೆ.

“ಆಕೀನ ಬಿಡ್ರಿ.”

ಕಾಶವ್ವ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

“ಲೆಕ್ಕದಾಗ ನನ್ನನ್ಯಾಕ ತಗದ್ರಿ? ಬಟ್ಟಲಾ ನಾನೂ ಹಿಡದಿದ್ದೆ.”

ನನಗೆ ಕೂಡಲೇ ಅರ್ಥವಾಗಲಿಲ್ಲ.

“ಆರು ವರ್ಷಾತು, ದೀಪಾವಳಿ ಮುಂದೊಂದು ಡಬ್ಬಿ ತರಸ್ತೀನಿ. ಈ ಸರ್ತಿದು ನಾ ಹಚಗೊಳ್ಳಲಿಲ್ಲ, ಮದಿವಿಗಿರ್ಲಿ ಅಂತ ಇಟ್ಟಿದ್ದೆ.”

“ಯಾಕ?”

“ಯಾಕಂದ್ರ!” ಅವಳು ಸೌಟನ್ನು ನೋಡಿಕೊಂಡು ಹೇಳಿದಳು. “ನೀವು ಒಮ್ಮೆರ ನೋಡಿ, ಇದೇನ ಕಾಶೀ, ಇವತ್ತ ಬ್ಯಾರೆ ಕಾಣಸ್ತೀ ಅಂತೀರೇನಂತ ಹಚ್ಚಿದೆ. ಒಮ್ಮೆ ಅಂದಿದ್ರ ಅವತ್ತ ಬಿಡ್ತಿದ್ದೆ. ಆರು ವರ್ಷ ಎದುರಿಗೆ ಕುಂತು ಉಂಡ್ರಿ. ಅನ್ನಲಿಲ್ಲ.”

“ಬಿಳೀ ಬಾಟ್ಲಿ ಎಲ್ಲೈತಿ?”

“ಇಲ್ಲ.”

“ಇಲ್ಲಂದ್ರ?”

“ಅವತ್ತ ಸಂಜೀಗೆ, ನೀವು ಹೊಸ್ತಿಲಾ ದಾಟಸ್ತೀನಿ ಅಂದ್ರೆಲ್ಲ. ಐವತ್ತೊಂದು ವರ್ಷ ಆದ ಮ್ಯಾಲೆ ನಾ ಎಲ್ಲಿಗೆ ಹೋಗ್ಲಿ? ಬಚ್ಚಲಕ್ಕ ಸುರದು ನೀರು ಹಾಕಿದೆ. ನಾಕ ಬಾಟ್ಲಿ ಬಂದ್ರ ಸಾಕಾದೀತು, ನಂದೊಂದು ನಡದೀತು ಅನಕೊಂಡೆ. ನಿಮ್ಮಂಗ ನನಗೆಲ್ಲಿ ಲೆಕ್ಕ ಬರ್ತೈತಿ.”

ನೀಲಾಂಬಿಕೆ ಎದ್ದು ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡಳು. “ಬಾ ಆಯಿ, ಸಾರು ಉಕ್ತೈತಿ,” ಎಂದಳು. ಇಬ್ಬರೂ ಒಳಗೆ ಹೋದರು.

ನಾನು ಅಂದು ಕಾಶವ್ವನ ಮುಖವನ್ನು ನೋಡಿದೆ. ಹಿಂದಿನ ಡಬ್ಬಿಗಳ ಹೊಳಪು ಇನ್ನೂ ಪೂರ್ತಿ ಇಳಿದಿರಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸಿನ ಮುಖದಲ್ಲಿ ಕೆನ್ನೆ ಅಷ್ಟು ತಿಳಿಯಾಗಿ ಇರಲು ಸಾಧ್ಯವಿಲ್ಲ. ಯಾವ ಪರೀಕ್ಷೆಯೂ ಬೇಕಿರಲಿಲ್ಲ. ನೋಡಿದ್ದರೆ ಸಾಕಿತ್ತು.

*

ಒಂದೇ ಪಾಕದ ಜೋಡಿಯನ್ನು ಮತ್ತೆ ಮಾಡಲು ಬಾರದೆಂದು ಗೊತ್ತಿದ್ದೂ ಮರುದಿನ ಡಾಕ್ಟರ್ ಮುಧೋಳರನ್ನು ಕೇಳಿದೆ. ಅವರು ತಲೆಯಾಡಿಸಿದರು. ಉಳಿದ ದಾರಿ ಒಂದೇ. ಲೇಪವನ್ನು ಎಂದೂ ಹಚ್ಚದ ಮುಖದಿಂದ, ಅದೂ ರಕ್ತಸಂಬಂಧಿಯದಾದರೆ, ಪದರಗಳ ಬೀಜವನ್ನು ತೆಗೆದು ನಾಟಬಹುದು. ನಾಲ್ಕು ತೆಗೆದರೆ ಒಂದು ಹತ್ತುತ್ತದೆ. ಅವಳ ತಂದೆ ತಾಯಿ, ಇಬ್ಬರೂ ಲೇಪ ಹಚ್ಚಿದವರೇ ಎಂದು ತಪಾಸಣೆಯಲ್ಲಿ ತಿಳಿಯಿತು. ನನ್ನ ಮಗನೂ ಹಚ್ಚುತ್ತಿದ್ದನೆಂಬುದು ನನಗೆ ಹೊಸ ಸಂಗತಿ.

ನನಗೆ ಎಪ್ಪತ್ತಾರು. ಎಣಿಕೆ ೨೧೨. ಎಂಬತ್ತರವರೆಗೆ ೫೨ ಬೇಕು. ಕೊಡಬಹುದಾದದ್ದು ೧೬೦. ಹತ್ತುವುದು ನಲವತ್ತು.

“ನಿಮ್ಮ ಮುಖ ಮೂರು ತಿಂಗಳು ಉರಿಯೂದು, ಸರ್,” ಎಂದರು ಡಾಕ್ಟರ್.

“ಮೂರು ತಿಂಗಳು ಅಂದ್ರ ಮುಗಿಯೂ ಲೆಕ್ಕ,” ಎಂದೆ.

ಮಾರ್ಚ್ ೨೯, ಶುಕ್ರವಾರ ಶಸ್ತ್ರಚಿಕಿತ್ಸೆ ನಡೆಯಿತು. ಆ ವಾರ ಒಂದು ಹೋಗಿ ಅವಳ ಬಳಿ ಇದ್ದದ್ದು ೧೫೯. ನನ್ನ ನಲವತ್ತು ಸೇರಿ ೧೯೯. ವಾರಕ್ಕೊಂದರಂತೆ ೧೯೯ ವಾರ. ೨೦೬೨ನೆಯ ಇಸವಿ ಜನವರಿ ೨೦, ಶುಕ್ರವಾರ ಮುಗಿಯುತ್ತದೆ. ಅಂದು ಅವಳಿಗೆ ಇಪ್ಪತ್ತಾರು. ನನ್ನ ಐವತ್ತೆರಡು ಪದರ ಅವಳದಕ್ಕಿಂತ ಅರವತ್ತಮೂರು ದಿನ ಹೆಚ್ಚು ಬರುತ್ತದೆ. ಇದನ್ನು ಬೇರೆ ಬೇರೆ ರೀತಿಯಲ್ಲಿ ಮೂರು ಸಲ ಮಾಡಿ ನೋಡಿದೆ. ಉತ್ತರ ಬದಲಾಗಲಿಲ್ಲ.

ಹೊಡೆದುಹಾಕಿದ ಸಾಲನ್ನು ಡಬ್ಬಿಯ ಮೇಲೆ ಅಚ್ಚು ಹಾಕಲೇಬೇಕು ಎಂದು ಬರೆದುಕೊಟ್ಟು ಕೆಲಸ ಬಿಟ್ಟೆ. ಕಂಪನಿ ಮೇ ತಿಂಗಳಿನಿಂದ ಹಾಕಿತು: ‘ಒಂದು ಮುಖಕ್ಕೆ ಒಂದೇ ಡಬ್ಬಿ.’

ಜೂನ್ ಹೊತ್ತಿಗೆ ಮಾರಾಟ ಎರಡರಷ್ಟಾಯಿತು. ಎರಡು ಹಚ್ಚಿದರೆ ಏನಾಗುತ್ತದೆ ಎಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಆ ಸಾಲು ಹೊಳೆಯಿಸಿತು. ಜವಳಿ ಅಂಗಡಿಗಳು ಮದುವೆಯ ಸೀರೆಯ ಜೊತೆಗೆ ಐದು ಡಬ್ಬಿಗಳನ್ನು ಒಂದೇ ರಿಬ್ಬನ್ನಿನಲ್ಲಿ ಕಟ್ಟಿ ಮಾರತೊಡಗಿದವು. ಮುಚ್ಚುವ ಬಾಟಲಿ ಐದೂ ಇವೆ, ಒಂದೇ ದಿನದಲ್ಲಿ ಮುಚ್ಚುತ್ತೇವೆ, ಹೋಗುವುದು ಬರೀ ಮೂವತ್ತೇಳು ಪದರ ಎಂದು ಹುಡುಗಿಯರೇ ಲೆಕ್ಕ ಹಾಕಿಕೊಂಡರು. ಲೆಕ್ಕ ಸರಿಯಾಗಿಯೇ ಇತ್ತು. ಆ ಹೊಳಪನ್ನು ಒಂದೇ ದಿನಕ್ಕೆ ಮುಚ್ಚಲು ಮಾತ್ರ ಎಲ್ಲರಿಗೂ ಮನಸ್ಸು ಬರಲಿಲ್ಲ. ಆಗಸ್ಟಿನಲ್ಲಿ ಆಸ್ಪತ್ರೆಯ ಆ ಕೋಣೆಯಲ್ಲಿದ್ದವರು ಹನ್ನೊಂದರಿಂದ ಎಪ್ಪತ್ತಮೂರಕ್ಕೆ ಏರಿದರು. ಒಂದು ಅಂಗಡಿಯ ಗಾಜಿನ ಹಿಂದೆ ಹಸೆಯ ಮೇಲೆ ಕುಳಿತ ನೀಲಾಂಬಿಕೆಯ ಫೋಟೋ ಇದೆಯೆಂದು ಕೇಳಿದೆ. ಯಾರು ಕೊಟ್ಟರೋ ತಿಳಿಯದು. ತೆಗೆಯಲು ಹೇಳಿ ಕಳಿಸಿದೆ, ತೆಗೆಯಲಿಲ್ಲ.

ಗಂಡನ ಫೋನು ಮೊದಲು ತಿಂಗಳಿಗೊಂದಾಯಿತು, ಆಮೇಲೆ ನಿಂತಿತು. ಅವಳು ನಮ್ಮಲ್ಲೇ ಇದ್ದಾಳೆ. ಮುಖಕ್ಕೆ ತೆಳು ಬಟ್ಟೆ ಕಟ್ಟಿಕೊಂಡು ಸೂರ್ಯ ಮುಳುಗಿದ ಮೇಲೆ ಮೈದಾನಕ್ಕೆ ಹೋಗಿ ಒಂದು ಗಂಟೆ ಕೂಗಿ ಬರುತ್ತಾಳೆ.

ಮೂರು ತಿಂಗಳ ಉರಿ ಮುಗಿದ ಮೇಲೂ ನನ್ನ ಕೆನ್ನೆಗೆ ದಿನಾ ಎಣ್ಣೆ ಹಚ್ಚಬೇಕು. ಆ ಕೆಲಸ ಕಾಶವ್ವನದು. ಅವಳು ಈಗ ಡಬ್ಬಿ ತರಿಸುವುದಿಲ್ಲ. ಎಣ್ಣೆ ಹಚ್ಚುವಾಗ ಅವಳ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತದೆ. ನಾನು ನೋಡುತ್ತೇನೆ.

“ಈಗ ನೋಡಿ ಏನ್ಮಾಡ್ತೀರಿ, ಕಣ್ಣ ಮುಚ್ಚರಿ, ಎಣ್ಣಿ ಹೋಗತೈತಿ,” ಎನ್ನುತ್ತಾಳೆ.

ಮೊನ್ನೆ ನೀಲಾಂಬಿಕೆ ಪಕ್ಕದಲ್ಲಿ ಕುಳಿತು ನನ್ನ ಕಾಗದವನ್ನು ಇಣುಕಿ ನೋಡಿದಳು.

“ಏನ ಬರ್ಯಾಕತ್ತಿ ಅಜ್ಜಾ?”

“ನಿನಗ ಕೊಡೂದು.”

“ಎಷ್ಟೈತಿ?”

ತೋರಿಸಿದೆ. ಆ ಸಾಲಿನ ಮೇಲೆ ನಾನೆಳೆದ ಒಂದು ಗೆರೆಯಿಂದ ಹೋದದ್ದು ೭೫೪. ಸಂದದ್ದು ೪೦. ಅವಳು ಬೆರಳಿಟ್ಟು ಕಳೆದಳು. ಚಿಕ್ಕವಳಿದ್ದಾಗ ನಾನೇ ಕಲಿಸಿದ ರೀತಿಯಲ್ಲಿ, ಬಲದಿಂದ ಎಡಕ್ಕೆ. ಉತ್ತರವನ್ನು ಅವಳೇ ಬರೆದು, ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೈದಾನಕ್ಕೆ ಹೋದಳು.

ಬಾಕಿ ೭೧೪.